ಕೈ ಹಿಂದೆ ಕಟ್ಟಿಕೊಂಡು ಹೇಳು

ಅವರು ತುಂಬಾ ಶಾಂತ ಸ್ವಭಾವದವರು, ಜೀವಮಾನದಲ್ಲಿ ಯಾರಿಗೂ ಒಂದು ಗಟ್ಟಿ ಮಾತು ಆಡಿದವರಲ್ಲ ಎಂದು ಮೊನ್ನೆ ಸ್ಟಾಫರ್ಡಿನ ಸಭಾಂಗಣದಲ್ಲಿ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ಒಬ್ಬರಾದ ಮೇಲೊಬ್ಬರು ಎದ್ದು ಹೇಳಿದರು. ಹೋದವರ ಬಗ್ಗೆ ಕೆಟ್ಟದ್ದು ಆಡಬಾರದು, ಒಪ್ಪಿದೆ. ಹಾಗಂತ ಸುಳ್ಳಿಗೂ ಒಂದು ಮಿತಿ ಬೇಡವೇ? ಮುಂದಿನ ಸಾಲಿನಲ್ಲಿ ಅವರ ಯಜಮಾನರು ತಲೆ ತಗ್ಗಿಸಿ ಕೂತಿದ್ದರು. ನಾನು ಹಿಂದಿನ ಸಾಲಿನಲ್ಲಿ ಮಗಳು ತನ್ವಿಯ ಪಕ್ಕ ಕೂತು, ಫೋಟೊಕ್ಕೆ ಹಾಕಿದ್ದ ಮಲ್ಲಿಗೆ ಹಾರವನ್ನು ನೋಡುತ್ತಾ ಹಲ್ಲು ಕಚ್ಚಿಕೊಂಡಿದ್ದೆ. ಅವರ ಬಾಯಿಯ ರುಚಿ ನನಗೂ ಗೊತ್ತು, ನನ್ನ ಗಂಡನಿಗೂ ಗೊತ್ತು, ಎಲ್ಲರಿಗಿಂತ ಚೆನ್ನಾಗಿ ತನ್ವಿಗೆ ಗೊತ್ತು.

ಧಾರವಾಡದ ಕಡೆಯವರು. ಕಾರ್ಖಾನೆಗಳಲ್ಲಿ ಒತ್ತಡ, ಶಾಖ ಅಳೆಯುವ ಉಪಕರಣಗಳ ಕೆಲಸದಲ್ಲಿ ವರ್ಷಗಟ್ಟಲೆ ಇದ್ದು ನಿವೃತ್ತರಾಗಿದ್ದರು. ಹೂಸ್ಟನ್ನಿನ ಹೊರವಲಯದ ಕೇಟಿಯಲ್ಲಿ ನಮ್ಮ ಹಿಂದಿನ ಬೀದಿಯಲ್ಲೇ ಮನೆ. ಮಕ್ಕಳೆಲ್ಲ ಆಂಟಿ ಎನ್ನುತ್ತಿದ್ದರು. ಅವರ ಗರಾಜಿನಲ್ಲಿ ಕಾರಿಗೆ ಜಾಗವಿರಲಿಲ್ಲ. ಉದ್ದನೆಯ ಮೇಜುಗಳು, ಕಿಟಕಿಗೆ ಕೂರಿಸಿದ ಹಳೆಯ ಏಸಿ, ಗೋಡೆಗೆ ನೇತುಬಿಟ್ಟ ವೈರುಗಳು. ಯಜಮಾನರ ಕಾರು ಹೊರಗೆ ಹೂಸ್ಟನ್ನಿನ ಬಿಸಿಲಲ್ಲಿ ಬೇಯುತ್ತಿತ್ತು. ಅದರ ಬಗ್ಗೆ ಅವರು ಬಾಯಿ ಬಿಟ್ಟಿದ್ದನ್ನು ನಾನು ಕೇಳಿಲ್ಲ.

ಆ ಗರಾಜಿನಲ್ಲಿ ಪ್ರತಿ ಶನಿವಾರ ತನ್ವಿಯೂ ಸೇರಿದಂತೆ ಹೈಸ್ಕೂಲಿನ ನಾಲ್ವರು ಹುಡುಗಿಯರು ರೋಬೋ ಕಟ್ಟುತ್ತಿದ್ದರು. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ, ನನಗೂ ಮೊದಲು ಗೊತ್ತಿರಲಿಲ್ಲ: ಇಸ್ಪೀಟು ಎಲೆಯಷ್ಟು ಅಗಲದ ಒಂದು ಬೋರ್ಡು ಸಿಗುತ್ತದೆ, ಅದೇ ಇಡೀ ಕಂಪ್ಯೂಟರು. ಉಗುರಿನಷ್ಟು ದೊಡ್ಡ ಮೆಮೊರಿ ಕಾರ್ಡಿನಲ್ಲಿ ಲಿನಕ್ಸ್ ಎಂಬ ತಂತ್ರಾಂಶ ತುಂಬಿ ಅದಕ್ಕೆ ಸಿಕ್ಕಿಸಬೇಕು. ಆಮೇಲೆ ಬ್ಯಾಟರಿ, ಗಾಲಿ, ಕ್ಯಾಮೆರಾ ಜೋಡಿಸಿದರೆ ರೋಬೋ ಆಯಿತು. ಬಾಯಲ್ಲಿ ಹೇಳುವಷ್ಟು ಸುಲಭವಿದ್ದರೆ ಯಾರೂ ಆಂಟಿಯ ಹತ್ತಿರ ಬೈಸಿಕೊಳ್ಳಲು ಬರುತ್ತಿರಲಿಲ್ಲ. ಹುಡುಗಿಯರ ರೋಬೋ ಗುಂಡಗಿತ್ತು, ಅದಕ್ಕೆ ಬೋಂಡಾ ಎಂದು ಹೆಸರಿಟ್ಟಿದ್ದರು.

ಬೋರ್ಡು ಕೆಟ್ಟಿತೆಂದು ಯಾರೇ ಬರಲಿ, ಅವರ ಮೊದಲ ಮಾತು ಒಂದೇ.

“ಕೈ ಹಿಂದ ಕಟ್ಕೊಂಡು ಹೇಳು. ಕಣ್ಣೀಲೆ ಏನ ನೋಡಿದಿ ಅಷ್ಟ ಹೇಳು. ನಿನಗ ಏನ ಅನಸ್ತದ ಅಂತ ನಾ ಕೇಳಿಲ್ಲ.”

ದೊಡ್ಡವರಾದರೂ ಸರಿ, ಕೈ ಹಿಂದೆ ಕಟ್ಟಲೇಬೇಕು. ಕೈ ಮುಂದಿದ್ದರೆ ಅದು ಸುಮ್ಮನಿರುವುದಿಲ್ಲ, ಹೋಗಿ ಸ್ವಿಚ್ಚು ಒತ್ತುತ್ತದೆ ಎನ್ನುತ್ತಿದ್ದರು. ಆಫ್ ಮಾಡಿ ಆನ್ ಮಾಡುವುದು ಅವರ ಪ್ರಕಾರ ಮಹಾಪಾಪ. ಬಂದ್ ಮಾಡಿ ಚಾಲೂ ಮಾಡಿದರೆ ಕಳ್ಳ ಓಡಿಹೋಗುತ್ತಾನೆ, ಮನೆಯೊಳಗೆ ಇದ್ದಾಗಲೇ ಹಿಡಿಯಬೇಕು ಎಂಬುದು ಅವರ ವಾದ. ಯಾರೋ ಅಪ್ಪ ತನ್ನ ಫೋನಿನ ಚಾರ್ಜರನ್ನು ಬೋರ್ಡಿಗೆ ಸಿಕ್ಕಿಸಿ, ಮತ್ತೆ ಮತ್ತೆ ನಿಂತುಹೋಗುತ್ತಿದೆ ಎಂದು ದೂರು ತಂದರು. ಆಂಟಿ ಬೋರ್ಡಿಗೆ ಸಾಕಷ್ಟು ಕರೆಂಟು ಕೊಡದ ಆ ತೆಳ್ಳನೆಯ ಕೇಬಲನ್ನು ಎರಡು ಬೆರಳಲ್ಲಿ ಎತ್ತಿ ಕಸದ ಬುಟ್ಟಿಗೆ ಹಾಕಿದರು. ಹಸಿದ ಎತ್ತಿಗೆ ಬಾರುಕೋಲು ತೋರಿಸಿದರೆ ನಡೆಯುತ್ತದೆಯೇ ಎಂದು ಕೇಳಿದರು. ಆತ ಪಾಪ ದೊಡ್ಡ ಹುದ್ದೆಯಲ್ಲಿದ್ದವರು, ಬುಟ್ಟಿಯಿಂದ ಕೇಬಲು ತೆಗೆದುಕೊಳ್ಳಲೋ ಬೇಡವೋ ಎಂದು ನಿಂತೇ ಇದ್ದರು.

ನನ್ನ ಗಂಡನ ಕಥೆ ಇನ್ನೂ ಚೆನ್ನಾಗಿದೆ. ಒಮ್ಮೆ ಬೋರ್ಡು ಏಳಲೇ ಇಲ್ಲ. ಕೆಂಪು ದೀಪ ಹತ್ತುತ್ತದೆ, ಹಸಿರು ದೀಪ ಮಿನುಗುವುದಿಲ್ಲ. ನಮ್ಮವರು ಮೆಮೊರಿ ಕಾರ್ಡನ್ನೂ ಕೇಬಲನ್ನೂ ಒಟ್ಟಿಗೇ ಬದಲಿಸಿದರು, ಎದ್ದಿತು. ಇವರು ಮೀಸೆ ತಿರುವುವಷ್ಟರಲ್ಲಿ ಆಂಟಿ ಬಂದು ಎರಡನ್ನೂ ವಾಪಸು ಹಾಕಿ ಮತ್ತೆ ಕೆಡಿಸಿದರು. ಆಮೇಲೆ ಕೇಬಲು ಮಾತ್ರ ಬದಲಿಸಿದರು, ಏಳಲಿಲ್ಲ. ಅದನ್ನು ವಾಪಸು ಹಾಕಿ ಕಾರ್ಡು ಮಾತ್ರ ಬದಲಿಸಿದರು, ಎದ್ದಿತು. ಯಾವುದರಿಂದ ಸರಿಯಾಯಿತು ಎಂದು ಗೊತ್ತಿಲ್ಲದೆ ಸರಿ ಮಾಡುವುದು ಲಾಟರಿ ಹೊಡೆದಂತೆ, ಅದಕ್ಕೆ ಇಂಜಿನಿಯರಿಂಗ್ ಓದಬೇಕಾಗಿಲ್ಲ ಎಂದರು. ನಮ್ಮವರು ಆವತ್ತಿನಿಂದ ಗರಾಜಿನೊಳಗೆ ಕಾಲಿಡದೆ ಡ್ರೈವ್‌ವೇಯಲ್ಲೇ ಯಜಮಾನರ ಜೊತೆ ಕುರ್ಚಿ ಹಾಕಿಕೊಂಡು ಕೂರತೊಡಗಿದರು.

ಹಾಗಂತ ಬರೀ ಬೈಗುಳದ ಮನುಷ್ಯರಲ್ಲ. ಮಕ್ಕಳಿಗೆಂದು ಮಂಡಕ್ಕಿಯ ಗಿರ್ಮಿಟ್ ಕಲಸುತ್ತಿದ್ದರು, ಅದರ ಮೇಲೆ ಹಸಿ ಈರುಳ್ಳಿ, ಪಕ್ಕಕ್ಕೆ ಮಿರ್ಚಿ. ತಿಂದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಮೇಜಿನ ಹತ್ತಿರ ಬಂದವರಿಗೆ ಮಂಗಳಾರತಿ. ಹಬ್ಬಗಳೆಲ್ಲ ಅವರ ಮನೆಯಲ್ಲಿ ಕ್ರಮವಾಗಿ ನಡೆಯುತ್ತಿದ್ದವು. ಆಯುಧ ಪೂಜೆಯಂತೂ ಗರಾಜಿನಲ್ಲೇ.

ನಾನು ಹೇಳಹೊರಟಿರುವ ವರ್ಷ ಆಯುಧ ಪೂಜೆಯನ್ನು ಎಲ್ಲರ ಅನುಕೂಲಕ್ಕೆ ಶನಿವಾರಕ್ಕೆ ತಳ್ಳಿದ್ದೆವು. ಮೀಟರು, ಬೆಸುಗೆ ಹಾಕುವ ಕಡ್ಡಿ, ಸ್ಕ್ರೂಡ್ರೈವರು ಎಲ್ಲಕ್ಕೂ ಅರಿಶಿನ ಕುಂಕುಮ. ಬೋಂಡಾದ ಗಾಲಿಯ ಕೆಳಗೆ ಇಡಲು ನಿಂಬೆಹಣ್ಣು ತಂದರೆ ಹಣ್ಣೇ ಗಾಲಿಗಿಂತ ದೊಡ್ಡದು. ಕೊನೆಗೆ ದ್ರಾಕ್ಷಿ ಇಟ್ಟೆವು. ಬೋಂಡಾ ಒಂದು ದ್ರಾಕ್ಷಿ ಅರೆದು, ಇನ್ನೊಂದರ ಮೇಲೆ ಹತ್ತಲಾರದೆ ಪಕ್ಕಕ್ಕೆ ಉರುಳಿತು. ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಂಟಿ ಮಾತ್ರ ನಗದೆ ಮಂತ್ರ ಮುಗಿಸಿ ಕೈತುಂಬ ಅಕ್ಷತೆ ತೆಗೆದುಕೊಂಡು ಬೋಂಡಾದ ನೆತ್ತಿಯ ಮೇಲೆ ಹಾಕಿದರು. ನೆತ್ತಿ ಎಂದರೆ ಅದರ ಮುಚ್ಚಳ. ಆ ಮುಚ್ಚಳಕ್ಕೆ ತೂತು ಕೊರೆದು, ಬೋರ್ಡು ತಂಪಾಗಿರಲಿ ಎಂದು ಒಳಗಡೆ ಪುಟ್ಟ ಫ್ಯಾನು ಕೂರಿಸಿದವರೂ ಅವರೇ. ಮೇಲೆ ಬಿದ್ದ ಅಕ್ಕಿಯನ್ನು ಮಾರನೆಯ ದಿನ ಒರೆಸಿದರು. ಕುಂಕುಮದ ಬೊಟ್ಟು ಹಾಗೇ ಉಳಿಯಿತು.

ಅದಾದ ಕೆಲವು ವಾರಕ್ಕೆ ಆಸ್ಟಿನ್ನಿನಲ್ಲಿ ಅಭ್ಯಾಸದ ಸ್ಪರ್ಧೆ. ನೆಲದ ಮೇಲಿನ ಗೆರೆ, ಗುರುತುಗಳನ್ನು ಕ್ಯಾಮೆರಾದಲ್ಲಿ ನೋಡಿಕೊಂಡು ರೋಬೋ ತಾನಾಗಿಯೇ ತಿರುವುಗಳನ್ನು ದಾಟಿ ಆಚೆ ಮುಟ್ಟಬೇಕು. ನೋಡಿ ತಿರುಗುವ ಆ ಪ್ರೋಗ್ರಾಮನ್ನು ಬರೆದವಳು ತನ್ವಿ. ಬೇಸಿಗೆ ರಜೆಯನ್ನೆಲ್ಲ ಅದಕ್ಕೇ ಕೊಟ್ಟಿದ್ದಳು. ಬೋಂಡಾ ಹೊರಟಿದ್ದು ಚೆನ್ನಾಗಿಯೇ ಹೊರಟಿತು. ನಡುವೆ ನಿದ್ದೆ ಬಂದವರಂತೆ ನಿಧಾನವಾಯಿತು, ತಿರುವಿನಲ್ಲಿ ತಡವಾಗಿ ತಿರುಗಿ ಗೋಡೆಗೆ ಗುದ್ದಿ ನಿಂತಿತು. ಆಂಟಿ ಎಲ್ಲರ ಎದುರಿಗೇ, ಪಕ್ಕದ ತಂಡದವರೂ ಕೇಳುವ ಹಾಗೆ, ಇದು ಪ್ರೋಗ್ರಾಮಿನ ತಪ್ಪು, ಬರೆದವರಿಗೆ ಗಮನವಿಲ್ಲ ಎಂದರು. ಮಗಳ ಕಿವಿ ಕೆಂಪಾಗಿದ್ದು ಅಷ್ಟು ದೂರದಿಂದಲೂ ನನಗೆ ಕಂಡಿತು.

ಅಲ್ಲಿಂದ ಶುರುವಾಯಿತು. ಪ್ರತಿ ಶನಿವಾರ ಅದೇ. ಆಂಟಿ ಬ್ಯಾಟರಿ ಅಳೆದರು, ಸರಿ ಇತ್ತು. ಕಾರ್ಡು ಬದಲಿಸಿದರು, ವ್ಯತ್ಯಾಸವಾಗಲಿಲ್ಲ. ಬೋರ್ಡಿನ ಶಾಖ ನೋಡಿದರು, ಸರಿಯೇ ಇತ್ತು. ಉಳಿದಿದ್ದು ಪ್ರೋಗ್ರಾಮು ಒಂದೇ ಅಲ್ಲವೇ ಎಂದರು. ತನ್ವಿ ಮನೆಯಲ್ಲಿ ಊಟದ ತಟ್ಟೆ ಮುಂದಿಟ್ಟುಕೊಂಡು ಲ್ಯಾಪ್‌ಟಾಪ್ ನೋಡುವಳು, ಉಗುರು ಕಡಿಯುವಳು, ಬರೆದಿದ್ದನ್ನು ಅಳಿಸಿ ಮತ್ತೆ ಬರೆಯುವಳು. ಒಂದು ಶನಿವಾರ ಅವಳು ಇಂಗ್ಲಿಷಿನಲ್ಲಿ, ಮುಚ್ಚಳ ಹಾಕಿದಾಗ ಮಾತ್ರ ಹೀಗಾಗುತ್ತದೆ ಎಂದಳು. ನಾನು ಅಲ್ಲೇ ಇದ್ದೆ. ಮುಚ್ಚಳವೇನು ನಿನ್ನ ಪ್ರೋಗ್ರಾಮು ಓದುತ್ತದೆಯೇ, ನೆಪ ಹುಡುಕಬೇಡ ಎಂದು ಆಂಟಿ ಅವಳ ಬಾಯಿ ಮುಚ್ಚಿಸಿದರು. ಕಂಡದ್ದನ್ನು ಹೇಳು ಎಂದು ಊರಿಗೆಲ್ಲ ಪಾಠ ಹೇಳುವವರು ಆವತ್ತು ಅವಳು ಕಂಡದ್ದನ್ನು ಕೇಳಲಿಲ್ಲ. ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ, ಅವರು ಕಟ್ಟಿಕೊಟ್ಟ ಗಿರ್ಮಿಟ್ ಡಬ್ಬಿಯನ್ನು ಅವರ ಮೇಜಿನ ಮೇಲೇ ಬಿಟ್ಟು ಬಂದೆ.

ಡ್ಯಾಲಸ್ಸಿನ ಸ್ಪರ್ಧೆ ಹತ್ತಿರ ಬಂದಾಗ ಆಂಟಿ ತೀರ್ಮಾನ ಹೇಳಿದರು. ತಾವೇ ಹಿಂದೆಂದೋ ಬರೆದಿದ್ದ ಒಂದು ಪ್ರೋಗ್ರಾಮನ್ನು ಬೇರೆ ಕಾರ್ಡಿಗೆ ಹಾಕಿ ಇಟ್ಟುಕೊಂಡಿದ್ದಾರೆ. ಡ್ಯಾಲಸ್ಸಿನಲ್ಲಿ ಮೊದಲ ಸುತ್ತಿಗೆ ಬೋಂಡಾ ಮತ್ತೆ ತೂಕಡಿಸಿದರೆ ತನ್ವಿಯ ಕಾರ್ಡು ತೆಗೆದು ಅದನ್ನು ಹಾಕುವುದು. ಆವತ್ತು ಮನೆಗೆ ಬಂದ ಮೇಲೆ ತನ್ವಿ ಕಿಟಕಿಯ ಕಡೆ ತಿರುಗಿ, ಅವರು ಕಾರ್ಡು ಬದಲಿಸಿದರೆ ನಾನು ತಂಡ ಬಿಡುತ್ತೇನಮ್ಮ, ಇನ್ನು ಈ ಕೆಲಸವೇ ಬೇಡ ಎಂದಳು. ಅತ್ತು ಹೇಳಿದ್ದರೆ ಸಮಾಧಾನ ಮಾಡುತ್ತಿದ್ದೆ. ಅವಳು ಅಳಲಿಲ್ಲ, ಅದಕ್ಕೇ ಹೆದರಿಕೆಯಾಯಿತು.

ಹಿಂದಿನ ದಿನವೇ ಹೋಗಿ ಡ್ಯಾಲಸ್ಸಿನ ಪಕ್ಕದ ಕ್ಯಾರಲ್ಟನ್ನಿನಲ್ಲಿ ಗೆಳತಿಯ ಮನೆಯಲ್ಲಿ ಉಳಿದೆವು. ಬೆಳಿಗ್ಗೆ ಗೆಳತಿ ಮಾಡಿದ ಬಿಸಿ ಇಡ್ಲಿಯನ್ನು ಮಕ್ಕಳು ಅರ್ಧಕ್ಕೇ ಬಿಟ್ಟೆದ್ದರು. ಆಂಟಿಯ ಕನ್ನಡಕದ ಡಬ್ಬಿ ಅವರ ಕೈಯಲ್ಲೇ ಇತ್ತು. ಆ ಕಾರ್ಡು ಅದರೊಳಗಿದೆ ಎಂದು ಎಲ್ಲರಿಗೂ ಗೊತ್ತು.

ಸ್ಪರ್ಧೆ ನಡೆದದ್ದು ಒಂದು ಶಾಲೆಯ ಜಿಮ್ಮಿನಲ್ಲಿ. ಮುಚ್ಚಳ ಹಾಕಿ, ಚಾಲೂ ಮಾಡಿ, ಸರದಿಯಲ್ಲಿ ಕಾಯಬೇಕು. ಬೋಂಡಾ ಕಾಯಿತು. ಸೀಟಿ ಊದಿದರು. ಮೊದಲ ತಿರುವು ದಾಟಿತು. ಎರಡನೆಯದರಲ್ಲಿ ಅನುಮಾನಿಸಿತು. ಮೂರನೆಯದರಲ್ಲಿ ಗೋಡೆಗೆ ಹಣೆ ಒತ್ತಿಕೊಂಡು ನಿಂತಿತು. ಹುಡುಗಿಯರು ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಮುಂದಿನ ಸುತ್ತಿಗೆ ಸ್ವಲ್ಪವೇ ಹೊತ್ತಿತ್ತು. ಬೋಂಡಾವನ್ನು ನಮ್ಮ ಮೇಜಿನ ಮೇಲೆ ತಂದಿಟ್ಟರು. ಆಂಟಿ ಕನ್ನಡಕದ ಡಬ್ಬಿ ತೆರೆದರು. ಆಗ ತನ್ವಿ ಮೇಜಿಗೂ ಅವರಿಗೂ ನಡುವೆ ಬಂದು ನಿಂತಳು. ಎರಡೂ ಕೈ ಹಿಂದೆ ಕಟ್ಟಿಕೊಂಡಳು. ಮನೆಯಲ್ಲಿ ನಾನು ಕನ್ನಡದಲ್ಲಿ ಕೂಗಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು, ಬಾಯಿ ತೆರೆದು ಕನ್ನಡದಲ್ಲಿ ಹೇಳಿದಳು.

“ಆಂಟಿ, ನಾನು ನೋಡಿದ್ದು ಹೇಳ್ತೀನಿ. ಮುಚ್ಚಳ ತೆಗೆದಾಗ ಸರಿಯಾಗಿ ಓಡತ್ತೆ. ಮುಚ್ಚಳ ಹಾಕಿದಾಗ ಮಾತ್ರ ಸ್ಲೋ ಆಗತ್ತೆ. ನನಗೇನು ಅನ್ಸತ್ತೆ ಅಂತ ಹೇಳ್ತಿಲ್ಲ.”

ಆಂಟಿಯ ಕೈಯಲ್ಲಿ ಕಾರ್ಡು ಹಾಗೇ ಉಳಿಯಿತು. ನಾನು ಜಗಳಕ್ಕೆ ತಯಾರಾಗಿ ಒಂದು ಹೆಜ್ಜೆ ಮುಂದಿಟ್ಟಿದ್ದೆ, ನಿಜ ಹೇಳುತ್ತೇನೆ. ಇನ್ನೊಬ್ಬ ಹುಡುಗಿ ಬೋಂಡಾದ ಮುಚ್ಚಳ ಎತ್ತಲು ಕೈ ಚಾಚಿದಳು.

“ತಗೀಬ್ಯಾಡ. ಬಂದೂ ಮಾಡಬ್ಯಾಡ. ಹಂಗ ಇರಲಿ,” ಎಂದರು ಆಂಟಿ.

ಕಾರ್ಡನ್ನು ಕೆಳಗಿಟ್ಟು ಅಂಗೈಯನ್ನು ಮುಚ್ಚಳದ ಮೇಲೆ ಊರಿದರು, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ. ಥಟ್ಟನೆ ಕೈ ತೆಗೆದರು. ಟಿಶ್ಯೂ ಕಾಗದದ ಒಂದು ಎಳೆ ಹರಿದು ಫ್ಯಾನಿನ ತೂತುಗಳ ಮೇಲೆ ಹಿಡಿದರು. ಫ್ಯಾನು ತಿರುಗುತ್ತಿದ್ದರೆ ಕಾಗದ ಅಲುಗಬೇಕು. ಅದು ಅಲುಗಲಿಲ್ಲ. ನನ್ನ ಕಡೆ ನೋಡದೆಯೇ ಫೋನಿನ ಟಾರ್ಚು ಹಿಡಿಯಲು ಹೇಳಿದರು. ನಾನು ಹಿಡಿದೆ. ಇಬ್ಬರೂ ಬಗ್ಗಿ ಜಾಲರಿಯೊಳಗೆ ನೋಡಿದೆವು.

ಫ್ಯಾನಿನ ರೆಕ್ಕೆಗೂ ಜಾಲರಿಗೂ ನಡುವೆ ಅರಿಶಿನ ಬಣ್ಣದ ಒಂದು ಅಕ್ಕಿಕಾಳು ಸಿಕ್ಕಿಕೊಂಡಿತ್ತು.

ಕ್ಷಣದಲ್ಲಿ ಇಬ್ಬರಿಗೂ ಅರ್ಥವಾಯಿತು. ಫ್ಯಾನು ನಿಂತಿದೆ, ಮುಚ್ಚಿದ ಡಬ್ಬಿಯೊಳಗೆ ಬೋರ್ಡು ಕಾಯುತ್ತದೆ, ಕಾದಾಗ ತನ್ನನ್ನು ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ. ಗರಾಜಿನಲ್ಲಿ ಪರೀಕ್ಷೆ ಮಾಡುವಾಗಲೆಲ್ಲ ಫ್ಯಾನಿನ ವೈರು ಕಳಚಿ ಮುಚ್ಚಳವನ್ನೇ ಪಕ್ಕಕ್ಕಿಡುತ್ತಿದ್ದರು. ಹಾಗಾಗಿ ಅಳೆದ ಶಾಖವೆಲ್ಲ ಸರಿಯಾಗಿಯೇ ಕಾಣುತ್ತಿತ್ತು. ಆಯುಧ ಪೂಜೆಯ ದಿನ ಹಾಕಿದ ಆ ಅಕ್ಷತೆ ಯಾರ ಕೈಯದೆಂದು ನನಗೂ ಗೊತ್ತು, ಅವರಿಗೂ ಗೊತ್ತು.

ಆಂಟಿ ತಲೆ ಎತ್ತಿ ನನ್ನ ಮುಖ ನೋಡಿದರು. ಹುಡುಗಿಯರು ಮೇಜಿನ ಆಚೆ ಇದ್ದರು, ಅವರಿಗೆ ಏನೂ ಕಂಡಿರಲಿಲ್ಲ. ಮುಚ್ಚಳವನ್ನು ಒಮ್ಮೆ ಬೋರಲು ಮಾಡಿ ತಟ್ಟಿದರೆ ಕಾಳು ನೆಲಕ್ಕೆ ಬೀಳುತ್ತಿತ್ತು. ಏನೋ ಸಿಕ್ಕಿಕೊಂಡಿತ್ತು, ಈಗ ಸರಿಯಾಯಿತು ಎಂದರೆ ಸಾಕಿತ್ತು. ಮೈಕಿನಲ್ಲಿ ಮುಂದಿನ ಸುತ್ತಿನ ತಂಡಗಳನ್ನು ಕೂಗುತ್ತಿದ್ದರು. ಅವರು ಏನು ಮಾಡುತ್ತಾರೋ ಎಂದು ನಾನು ಟಾರ್ಚು ಹಿಡಿದೇ ನಿಂತೆ. ಮುಚ್ಚಿಟ್ಟರೆ ನಾನು ಬಾಯಿ ಬಿಡುತ್ತಿದ್ದೆನೇ? ಬಿಡುತ್ತಿದ್ದೆ, ಅನುಮಾನವೇ ಬೇಡ.

ಅವರು ನನಗೆ ಆ ಕೆಲಸ ಕೊಡಲಿಲ್ಲ. ಚಿಮುಟದಿಂದ ಕಾಳನ್ನು ಹೊರಗೆ ತೆಗೆದರು. ಫ್ಯಾನು ಸುಂಯ್ ಎಂದು ತಿರುಗಿತು. ನಾಲ್ವರೂ ಹುಡುಗಿಯರನ್ನು ಹತ್ತಿರ ಕರೆದು, ಕಾಳನ್ನು ಅಂಗೈಯ ಮೇಲಿಟ್ಟು, ನಡೆದದ್ದನ್ನು ಎಲ್ಲರಿಗೂ ತಿಳಿಯಲಿ ಎಂದು ಮೊದಲು ಇಂಗ್ಲಿಷಿನಲ್ಲಿ ಹೇಳಿದರು. ಆಸ್ಟಿನ್ನಿನಲ್ಲಿ ಬೈಯುವಾಗ ಎಷ್ಟು ಗಟ್ಟಿಯಾಗಿತ್ತೋ ಅಷ್ಟೇ ಗಟ್ಟಿ ದನಿ. ಪಕ್ಕದ ಮೇಜಿನವರು ತಿರುಗಿ ನೋಡಿದರು. ಆಮೇಲೆ ತನ್ವಿಯ ಕಡೆ ತಿರುಗಿದರು.

“ಈ ಅಕ್ಕಿ ನಾ ಹಾಕಿದ್ದು. ನಿನ್ನ ಪ್ರೋಗ್ರಾಮು ಮೊದಲಿಂದ ಸರಿ ಇತ್ತು. ನೀ ಕಣ್ಣೀಲೆ ನೋಡಿದ್ದನ್ನ ಹೇಳಿದಿ, ನಾ ಕೇಳಲಿಲ್ಲ. ತಪ್ಪು ನಂದು.”

ತನ್ವಿಯ ಕೈ ಇನ್ನೂ ಹಿಂದೆಯೇ ಇತ್ತು. ಆಂಟಿ ತಮ್ಮ ಕಾರ್ಡನ್ನು ಎತ್ತಿ ಅವಳ ಮುಂದೆ ಹಿಡಿದರು. ಅದರಲ್ಲಿದ್ದುದನ್ನು ಅಳಿಸಿ ಅವಳ ಪ್ರೋಗ್ರಾಮನ್ನೇ ತುಂಬಿಡಲು ಹೇಳಿದರು, ಒಂದು ಹೆಚ್ಚಿಗೆ ಪ್ರತಿ ಇರಲಿ ಎಂದು. ತಮ್ಮ ಪ್ರೋಗ್ರಾಮು ಬೇರೆಲ್ಲೂ ಇಲ್ಲ ಎಂಬುದನ್ನು ಹೇಳಲಿಲ್ಲ. ಅದು ನನಗೆ ಅವರ ಯಜಮಾನರಿಂದ ಆಮೇಲೆ ತಿಳಿಯಿತು.

ಉಳಿದ ಸುತ್ತುಗಳಲ್ಲಿ ಬೋಂಡಾ ಒಂದೇ ಒಂದು ಗೋಡೆಗೂ ಗುದ್ದಲಿಲ್ಲ. ಗೆದ್ದೆವೆಂದು ತಿಳಿಯಬೇಡಿ. ಮೊದಲ ಸುತ್ತಿನ ಅಂಕ ಹೋಗಿತ್ತು, ನಮಗಿಂತ ವೇಗದ ರೋಬೋಗಳು ಬೇಕಾದಷ್ಟಿದ್ದವು. ಆದರೂ ಕ್ಯಾರಲ್ಟನ್ನಿನಲ್ಲಿ ಹುಡುಗಿಯರು ಚಾಟ್ ತಿಂದ ರೀತಿ ನೋಡಿದರೆ ಗೆದ್ದವರೇ ಇವರು ಎನ್ನಬೇಕಿತ್ತು. ವಾಪಸು ಬರುವಾಗ ತನ್ವಿ ದಾರಿಯುದ್ದಕ್ಕೂ ನಿದ್ದೆ ಮಾಡಿದಳು. ತಂಡ ಬಿಡುವ ಮಾತು ಮತ್ತೆ ಬರಲಿಲ್ಲ.

ಆಂಟಿ ಅದರಿಂದ ಮೆತ್ತಗಾದರೇ? ಎಲ್ಲಿಂದ. ಮುಂದಿನ ಶನಿವಾರವೇ ಎಣ್ಣೆ ಕೈಯಲ್ಲಿ ಬೋರ್ಡು ಮುಟ್ಟಿದಳೆಂದು ತನ್ವಿಗೆ ಬೈದರು. ಅವಳು ನಗುತ್ತಾ ಕೈ ತೊಳೆಯಲು ಹೋದಳು. ಮಾರನೆಯ ವರ್ಷದ ಆಯುಧ ಪೂಜೆಗೆ ಮಾತ್ರ ಒಂದು ಬದಲಾವಣೆ ಇತ್ತು. ಅಕ್ಷತೆ ಹಾಕುವ ಹೊತ್ತು ಬಂದಾಗ ಆಂಟಿ ತಟ್ಟೆಯನ್ನು ತನ್ವಿಯ ಕೈಗೆ ಕೊಟ್ಟು, ಎಲ್ಲಿ ಹಾಕಿದರೆ ನಡೆಯುತ್ತದೆಂದು ನಿನಗೇ ಗೊತ್ತು, ನೀನೇ ಹಾಕು ಎಂದರು. ಅವಳು ಬೋಂಡಾದ ಎದುರು, ನೆಲದ ಮೇಲೆ ಹಾಕಿದಳು. ಅಂದಿನಿಂದ ಆ ಗರಾಜಿನಲ್ಲಿ ಅದೇ ಪದ್ಧತಿಯಾಯಿತು.

ಈಗ ತನ್ವಿ ಆಸ್ಟಿನ್ನಿನಲ್ಲಿ ರೋಬೋಗಳ ವಿಷಯವನ್ನೇ ಓದುತ್ತಿದ್ದಾಳೆ. ಆಂಟಿಯೂ ಕೊನೆಯ ದಿನಗಳಲ್ಲಿ ಅಲ್ಲೇ ಮಗನ ಮನೆಯಲ್ಲಿದ್ದರು. ಇವಳು ಹೋಗಿ ನೋಡಿಕೊಂಡು ಬರುತ್ತಿದ್ದಳು. ತೀರಿಕೊಂಡ ಸುದ್ದಿಯನ್ನು ನನಗೆ ತಿಳಿಸಿದ್ದೂ ಇವಳೇ.

ಮೊನ್ನೆ ಸಭಾಂಗಣದಲ್ಲಿ ಶಾಂತಮೂರ್ತಿಯ ಗುಣಗಾನ ಮುಗಿಯುವ ಲಕ್ಷಣ ಕಾಣದಿದ್ದಾಗ ತನ್ವಿ ಎದ್ದು ನಿಂತಳು. ನಾನು ಅವಳ ದುಪಟ್ಟಾ ಹಿಡಿದು ಎಳೆದೆ. ಕೂರಲಿಲ್ಲ. ಮುಂದೆ ಹೋಗಿ ಮೈಕಿನ ಎದುರು ನಿಂತು ಎರಡೂ ಕೈ ಹಿಂದೆ ಕಟ್ಟಿಕೊಂಡಳು.

“ನಾನು ನೋಡಿದ್ದು ಹೇಳ್ತೀನಿ. ಆಂಟಿ ನನಗೆ ತುಂಬಾ ಬೈತಿದ್ರು. ಒಂದ್ಸಲ ಎಲ್ಲರ ಮುಂದೆ ತಪ್ಪಾಗಿ ಬೈದ್ರು. ಅದು ತಪ್ಪು ಅಂತ ಗೊತ್ತಾದಾಗ, ಅದನ್ನೂ ಎಲ್ಲರ ಮುಂದೇನೇ ಹೇಳಿದ್ರು. ನಾನು ಇವತ್ತೂ ಈ ಕೆಲಸ ಮಾಡ್ತಿರೋದು ಅದಕ್ಕೇ.”

ಅಷ್ಟೇ ಹೇಳಿ ಇಳಿದಳು. ಮುಂದಿನ ಸಾಲಿನಲ್ಲಿ ಅಲ್ಲಿಯವರೆಗೆ ತಲೆ ತಗ್ಗಿಸಿ ಕೂತಿದ್ದ ಯಜಮಾನರು ಮೆಲ್ಲಗೆ ತಲೆ ಎತ್ತಿದರು.

“ನಾ ಆಕಿ ಜೋಡಿ ಇಷ್ಟು ವರ್ಷ ಸಂಸಾರ ಮಾಡೀನವಾ,” ಎಂದರು ಅವಳನ್ನೇ ನೋಡುತ್ತಾ. “ತಪ್ಪು ನಂದು ಅಂತ ನನಗ ಒಮ್ಮೆನೂ ಅಂದಿಲ್ಲ. ನಿನಗ ಅಂದಾಳ.”

ಯಾರೋ ನಕ್ಕರು, ಆಮೇಲೆ ಇಡೀ ಸಭೆ ನಕ್ಕಿತು. ಅವರೂ ನಕ್ಕರು. ನಗುತ್ತಿದ್ದ ಹಾಗೇ ಅವರ ಭುಜಗಳು ಅಲುಗತೊಡಗಿದವು. ತನ್ವಿ ಹಿಂದಿನ ಸಾಲಿಗೆ ಬರಲಿಲ್ಲ, ಅವರ ಪಕ್ಕದ ಕುರ್ಚಿಯಲ್ಲಿ ಕೂತಳು.